ತೋಡೂರು ಕಾಲನಿಯಲ್ಲಿ ಚೆರೋಕಿ ಪಾಠ

ಸೀಮೆಸುಣ್ಣ ಹಿಡಿದ ಕೈಗೆ ಇನ್ನೂ ಶೆಟ್ಲಿಯ ವಾಸನೆ.
ಗಣಪಿ ಹರಿಕಂತ್ರ, ವಯಸ್ಸು ಅರವತ್ತೋ ಅರವತ್ತೆರಡೋ,
ಕಾಗುಣಿತದ ಹಲಗೆಯನ್ನು
ದಲ್ಲಾಳಿಯ ತಕ್ಕಡಿ ನೋಡಿದ ಹಾಗೆ ನೋಡಿ
"ಅಕ್ಕೋರೆ, ಇದರಾಗೆ ಮೋಸ ಅದೆ" ಎಂದಳು.
"ಒಂದು ಕ-ಕ್ಕೆ ಇಷ್ಟೊಂದು ಬಾಲ ಎಂತಕ್ಕೆ?"

ಏಳು ಹೆಂಗಸರು, ಒಂದು ಟ್ಯೂಬ್‌ಲೈಟು, ಅದೂ ಮಿಣುಕುವುದು.
ನೌಕಾನೆಲೆಗೆ ಜಾಗ ಬಿಟ್ಟು ಬಂದವರ ಕಾಲನಿ.
ಮನೆಗಳಿಗೆ ನಂಬರು ಬಂದಿದೆ,
ಮರಗಳಿಗೆ ನೆರಳು ಬಂದಿಲ್ಲ.

ಸಮಾಧಾನಕ್ಕೆಂದು ಹೇಳಿದೆ:
ದೂರದ ಅಮೆರಿಕದ ಗುಡ್ಡಗಳಲ್ಲಿ ಚೆರೋಕಿ ಎಂಬ ಜನ.
ಅವರಲ್ಲೊಬ್ಬ ಬೆಳ್ಳಿ ಕೆಲಸದವ, ಓದು ಬಾರದವ,
ಬಿಳಿಯರ ಕಾಗದ ಮಾತಾಡುವುದು ಕಂಡು
ವರ್ಷಗಟ್ಟಲೆ ಕೂತು ಬಾಯೊಳಗಿನ ಸದ್ದುಗಳನ್ನು
ಬಲೆಯಿಂದ ಮೀನು ಬಿಡಿಸಿದಂತೆ ಬಿಡಿಸಿ ಇಟ್ಟ.
ಎಂಬತ್ತೈದಕ್ಕೆ ನಿಂತಿತು.
ಒಂದು ಸದ್ದಿಗೆ ಒಂದು ಗುರುತು,
ಕೊಂಬಿಲ್ಲ, ಇಳಿಯಿಲ್ಲ, ದೀರ್ಘವಿಲ್ಲ.
ಮಾಟ ಅಂದರು ಜನ.
ಪುಟ್ಟ ಮಗಳನ್ನು ದೂರ ನಿಲ್ಲಿಸಿ
ಅಪ್ಪ ಬರೆದದ್ದನ್ನು ಅವಳು ಓದಿದ ಮೇಲೆ ಸುಮ್ಮನಾದರು.
ಆಮೇಲೆ ಊರಿಗೆ ಊರೇ ಕಲಿಯಿತು,
ಪತ್ರಿಕೆಯನ್ನೂ ಹೊರಡಿಸಿತು.

"ಅದನ್ನೇ ಕಲಿಸಿ ಹಂಗಾರೆ," ಹಿಂದಿನಿಂದ ಮಾಣಕು.
ಎಲ್ಲರೂ ನಕ್ಕರು, ಗಣಪಿಯೊಬ್ಬಳನ್ನು ಬಿಟ್ಟು.
"ಈಗ ಅವರ ಊರು ಎಲ್ಲಿ?"

ಪತ್ರಿಕೆಯಲ್ಲೇ ಪಾಠ ನಿಲ್ಲಿಸಬೇಕೆಂದಿದ್ದೆ.

ಗುಡ್ಡದಲ್ಲಿ ಬಂಗಾರ ಸಿಕ್ಕಿತು, ಹತ್ತಿಗೆ ಹೊಲ ಬೇಕಾಯಿತು,
ಸರಕಾರಕ್ಕೊಂದು ಸಹಿ ಬೇಕಾಯಿತು.
"ಯಾರು ಹಾಕ್ದರು?"
ಬೆರಳೆಣಿಕೆಯ ಜನ.
"ಉಳಿದವರು?"
ಹದಿನೈದು ಸಾವಿರ ಹೆಸರು ಕೂಡಿಸಿ ಬೇಡವೆಂದು ಬರೆದರು.
"ಕಲಿತ ಅಕ್ಷರದಾಗೆ?"
ಎಷ್ಟೋ ಹೆಸರು ಆ ಅಕ್ಷರದಲ್ಲೇ.
"ಓದಿದರಾ ಅವರು?"

ಟ್ಯೂಬ್‌ಲೈಟು ಎರಡು ಸಲ ಮಿಣುಕಿತು.

"ಗುಂಟೆಗೆ ಎಷ್ಟು ಬಿತ್ತು?"
ನಾನು ಓದಿದ ಯಾವ ಪುಸ್ತಕದಲ್ಲೂ ಗುಂಟೆಯ ಲೆಕ್ಕ ಇರಲಿಲ್ಲ.
ಗೊತ್ತಿದ್ದಷ್ಟು ಹೇಳಿದೆ.
ಬಂದೂಕು ಬಾಗಿಲಿಗೆ ಬಂದಾಗ ಊಟದ ತಟ್ಟೆ ಅರ್ಧದಲ್ಲಿತ್ತು.
ಚಳಿಗಾಲದ ಹಾದಿ, ಸಾವಿರ ಮೈಲಿ, ಪಡುವಣಕ್ಕೆ.
ನಾಲ್ಕರಲ್ಲೊಬ್ಬರು ತಲುಪಲಿಲ್ಲ ಅನ್ನುತ್ತಾರೆ.
ಊರಿನ ಬೆಂಕಿಯನ್ನು ಮಾತ್ರ
ಕೆಂಡವಾಗಿ ಕಾಪಾಡಿ ಒಯ್ದರಂತೆ.
ಅವರಿಗೆ ಪಡುವಣವೆಂದರೆ ಸತ್ತವರ ದಿಕ್ಕು.

"ನಮಗೆ ಮೀನಿನ ದಿಕ್ಕು" ಎಂದಳು ಮಾಣಕು.
ಸ್ವಲ್ಪ ಹೊತ್ತು ಬಿಟ್ಟು: "ಆಗಿತ್ತು."

ಮಾತು ತಿರುಗಿಸಲು ಹೊಳೆಯ ಕತೆಗೆ ಬಂದೆ.
ಹೊಳೆ ಅವರಿಗೆ ಒಬ್ಬ ಉದ್ದ ಮನುಷ್ಯ,
ತಲೆ ಗುಡ್ಡದಲ್ಲಿ, ಪಾದ ತಗ್ಗಿನಲ್ಲಿ,
ಕೇಳುವ ಕಿವಿಯಿದ್ದರೆ ಸದಾ ಏನೋ ಹೇಳುತ್ತಿರುವವನು.
ಬೆಳಗಾಗೆದ್ದು ಅವನಲ್ಲಿ ಮುಳುಗುತ್ತಿದ್ದರು.

ಗಣಪಿ ಬೆರಳು ಮಡಚಿ ಲೆಕ್ಕ ಹಾಕಿದಳು.
"ನಮ್ಮ ಕಾಳಿಹೊಳೆ ಪಾದ ಕೋಡಿಬಾಗದಾಗೆ.
ಕದ್ರಾದಾಗೆ ಮೊಣಕಾಲಿಗೆ ಕಟ್ಟು ಹಾಕಿದಾರೆ,
ಸೂಪಾದಾಗೆ ಕುತ್ತಿಗೆಗೆ.
ಎಲ್ಲಿಂದ ಮಾತಾಡೂದು?"

ಅವರದೊಂದು ಹಳೆಯ ಊರೂ
ಆಣೆಕಟ್ಟಿನ ನೀರಿನಡಿ ಇದೆ.
ಅದನ್ನು ನಾನು ಹೇಳಲಿಲ್ಲ.

ಹೆಸರು ಬರೆಯಲು ಕರೆದೆ. ಎದ್ದು ಬಂದಳು, ಬರೆಯಲಿಲ್ಲ.
"ಹೆಸರಿನ ಹೆಬ್ಬೆಟ್ಟು ಅವರಿಗೆ ಕೊಟ್ಟಾಯ್ತು.
ಊರು ಬರೀತೆ."

ಕಲ್ವಕೋಣಿ.
ಹನ್ನೊಂದು ಮನೆ, ಒಂದು ಸಿಹಿನೀರ ಬಾವಿ,
ದೋಣಿ ಎಳೆದು ಎಳೆದು ನುಣುಪಾದ ಇಳಿಜಾರು,
ಎಲ್ಲ ಈಗ ಗೋಡೆಯ ಆಚೆ.
ಕ ಬಂತು. ಲ ಬಂತು.
ವ-ಕ್ಕೆ ಸಾಲಿನಲ್ಲಿ ಜಾಗವಿಲ್ಲ, ಲ-ದ ಕಾಲಡಿ ಬರೆಯಬೇಕು ಎಂದೆ.
"ಎಂತಕ್ಕೆ?"
ಅದು ಒತ್ತಕ್ಷರ.
"ಒತ್ತಿದ್ದು ಯಾರು?"

ಕಾಯದೆ, ಲ-ದ ಪಕ್ಕದಲ್ಲೇ,
ಉಳಿದೆಲ್ಲ ಅಕ್ಷರಗಳಿಗಿಂತ ದಪ್ಪ ಮಾಡಿ, ವ ಬರೆದಳು.

ತಪ್ಪು. ತಿದ್ದಬೇಕಿತ್ತು.
ಅಷ್ಟರಲ್ಲಿ ಗೋಡೆಯಾಚೆ ಎಂಟು ಗಂಟೆಯ ಸೈರನ್ನು,
ಏಳು ಜನ ಕತ್ತಲಲ್ಲಿ ಚಪ್ಪಲಿ ಹುಡುಕಿದರು.
ಹಲಗೆ ಒರೆಸದೆ ಬೀಗ ಹಾಕಿದೆ.

ಮರುದಿನ ಅದೇ ಕೋಣೆಯಲ್ಲಿ, ಗಂಟೆ ಬಾರಿಸುವ ಮೊದಲು,
ಒಂದನೇ ತರಗತಿಯ ಹುಡುಗಿಯೊಬ್ಬಳು
ತುದಿಗಾಲಲ್ಲಿ ನಿಂತು ಬೆರಳಿಟ್ಟು ಓದುತ್ತಿದ್ದಳು:
ಕ, ಲ, ವ,
ಕೋ